ಎಂಪೆಡೊಕ್ಲೀಸನನ್ನು ಇಬ್ಬರಾಗಿ ಸೀಳಿದವರು

ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಸಿಸಿಲಿಯ ಅಕ್ರಗಾಸ್ ಪಟ್ಟಣದಲ್ಲಿ ಬಾಳಿದ ಎಂಪೆಡೊಕ್ಲೀಸ್ ತತ್ತ್ವಶಾಸ್ತ್ರದ ಚರಿತ್ರೆಗಳಲ್ಲಿ ಬಹುಕಾಲ ಇಬ್ಬರಾಗಿ ಉಳಿದ. ಬೆಂಕಿ, ನೀರು, ಮಣ್ಣು, ಗಾಳಿ ಎಂಬ ನಾಲ್ಕು ಮೂಲಗಳು ಪ್ರೀತಿಯಿಂದ ಕೂಡುತ್ತವೆ, ಕಲಹದಿಂದ ಅಗಲುತ್ತವೆ ಎಂದ ನಿಸರ್ಗಚಿಂತಕ ಒಬ್ಬ. ಜೀವ ಜನ್ಮದಿಂದ ಜನ್ಮಕ್ಕೆ ಅಲೆಯುತ್ತದೆ, ಮಾಂಸ ತಿನ್ನುವುದು ಘೋರ ಪಾಪ ಎಂದು ಸಾರಿದ ಧರ್ಮಬೋಧಕ ಇನ್ನೊಬ್ಬ. ಎರಡೂ ಒಂದೇ ತಲೆಯಲ್ಲಿ ಇರಲಾರವೆಂದು ಬಗೆದು, ಬದುಕಿನ ಬೇರೆ ಬೇರೆ ಘಟ್ಟಗಳಿಗೆ ಅವನ್ನು ಹಂಚಿಕೊಟ್ಟ ವಿದ್ವಾಂಸರೂ ಇದ್ದರು. ಈ ಸೀಳು ಅವನದಲ್ಲ, ಅವನನ್ನು ಉದ್ಧರಿಸಿದವರದು ಎಂಬುದು ನನ್ನ ವಾದ. ಅವನ ಪದ್ಯಗಳು ಇಡಿಯಾಗಿ ಉಳಿದಿಲ್ಲ. ಪರರ ಬರಹಗಳಲ್ಲಿ ತುಣುಕುಗಳಾಗಿ ಸಿಕ್ಕಿವೆ. ಕ್ರಿಸ್ತಶಕ 6ನೆಯ ಶತಮಾನದ ಸಿಂಪ್ಲಿಸಿಯಸ್ ಅರಿಸ್ಟಾಟಲನ ‘ಭೌತಶಾಸ್ತ್ರ’ಕ್ಕೆ ವ್ಯಾಖ್ಯಾನ ಬರೆಯುತ್ತಿದ್ದವನು, ಮೂಲದ್ರವ್ಯಗಳ ಸಾಲುಗಳನ್ನು ಎತ್ತಿಕೊಂಡ. ಕ್ರಿಸ್ತಶಕ ಮೂರನೆಯ ಶತಮಾನದ ಪೋರ್ಫಿರಿ ಮಾಂಸಾಹಾರ ಬಿಡಬೇಕೆಂದು ಗ್ರಂಥವನ್ನೇ ಬರೆದವನು, ಪಶ್ಚಾತ್ತಾಪದ ಸಾಲುಗಳನ್ನು ಆರಿಸಿಕೊಂಡ. 1903ರಲ್ಲಿ ವಿದ್ವಾಂಸ ಹರ್ಮನ್ ಡೀಲ್ಸ್ ಪ್ರಾಚೀನ ಗ್ರೀಕ್ ಚಿಂತಕರ ತುಣುಕುಗಳ ತನ್ನ ಮಹಾಸಂಗ್ರಹದಲ್ಲಿ ಇವನ್ನೆಲ್ಲ ‘ನಿಸರ್ಗ’, ‘ಶುದ್ಧೀಕರಣ’ ಎಂಬ ಎರಡು ಕಾವ್ಯಗಳ ಕೆಳಗೆ ವಿಂಗಡಿಸಿದ. ಅಪಾರ ಶ್ರಮದ, ಇಂದಿಗೂ ಬಿಡಲಾಗದ ಕೆಲಸವದು. ಆದರೆ ಅದರ ಕ್ರಮಸಂಖ್ಯೆಗಳೇ ಓದುಗರ ಮನಸ್ಸಿನಲ್ಲಿ ಗೋಡೆ ಎಬ್ಬಿಸಿದವು.

ಆ ಗೋಡೆ ಬಿರುಕು ಬಿಟ್ಟದ್ದು ಒಂದು ಹಾಳೆಯಿಂದ. ಈಜಿಪ್ಟಿನ ಅಖ್ಮೀಮ್‌ನಲ್ಲಿ 1904ರಲ್ಲಿ ಕೊಂಡು ತಂದ ಪಪೈರಸ್ ಅದು. ಶವಾಲಂಕಾರದ ತಾಮ್ರದ ಎಲೆಗಳಿಗೆ ಆಧಾರವಾಗಿ ರದ್ದಿಯಂತೆ ಬಳಕೆಯಾಗಿತ್ತು. ಸ್ಟ್ರಾಸ್‌ಬರ್ಗಿನ ಗ್ರಂಥಾಲಯದಲ್ಲಿದ್ದ ಅದರ 52 ಚೂರುಗಳನ್ನು ವಿದ್ವಾಂಸರಾದ ಮಾರ್ಟಿನ್ ಮತ್ತು ಪ್ರಿಮವೇಸಿ 1999ರಲ್ಲಿ ಪ್ರಕಟಿಸಿದರು. ಒಂದು ಕಡೆ, ಮೂಲಗಳು ಪ್ರೀತಿ ಕಲಹಗಳಿಂದ ಕೂಡಿ ಅಗಲುವುದನ್ನು ಹೇಳುವ, ಡೀಲ್ಸ್ ‘ನಿಸರ್ಗ’ಕ್ಕೆ ಸೇರಿಸಿದ್ದ 17ನೆಯ ತುಣುಕು ಮುಂದುವರಿಯುತ್ತದೆ. ಅಂಚಿನಲ್ಲಿ ಇದು 300ನೆಯ ಸಾಲು ಎಂದು ಲಿಪಿಕಾರ ಹಾಕಿದ ಗುರುತೂ ಇದೆ. ಇನ್ನೊಂದು ಕಡೆ ಅಂಗಾಂಗಗಳು ಬೇರ್ಪಟ್ಟು ಕೊಳೆಯುವ ವರ್ಣನೆಯ ಬೆನ್ನಿಗೇ, ಆಹಾರಕ್ಕಾಗಿ ಕ್ರೂರಕೃತ್ಯಕ್ಕೆ ಇಳಿಯುವ ಮೊದಲೇ ನಾನೇಕೆ ಸಾಯಲಿಲ್ಲ ಎಂಬ ಗೋಳು ಬರುತ್ತದೆ. ಪೋರ್ಫಿರಿ ಉಳಿಸಿಕೊಟ್ಟಿದ್ದ, ಡೀಲ್ಸ್ ‘ಶುದ್ಧೀಕರಣ’ಕ್ಕೆ ಸೇರಿಸಿದ್ದ ಸಾಲುಗಳೇ ಅವು. ಮುಂದೆ ಮಾತು ಮತ್ತೆ ಜೀವಿಗಳ ಹುಟ್ಟಿನ ಕಡೆಗೆ ಹೊರಳುತ್ತದೆ.

ಗೋಡೆಯ ಎರಡೂ ಬದಿಯ ಸಾಲುಗಳು ಹೀಗೆ ಒಂದೇ ಕಾವ್ಯದಲ್ಲಿ ಕೂಡಿದ್ದವು ಎಂಬುದಕ್ಕೆ ಆಕ್ಷೇಪಗಳಿವೆ. ಎರಡು ಶೀರ್ಷಿಕೆಗಳನ್ನು ತತ್ತ್ವಜ್ಞರ ಪ್ರಾಚೀನ ಚರಿತ್ರಕಾರ ಡಯೋಜೆನೀಸ್ ಲಯೇರ್ಷಿಯಸನೇ ಹೇಳುತ್ತಾನೆ, ಎಂಪೆಡೊಕ್ಲೀಸ್ ತನ್ನ ಸಾಲುಗಳನ್ನು ಮತ್ತೆ ಮತ್ತೆ ಬಳಸುವ ಕವಿ, ಹಾಗಾಗಿ ಆ ಗೋಳು ಎರಡು ಕಾವ್ಯಗಳಲ್ಲೂ ಇದ್ದಿರಬಹುದು ಎನ್ನುತ್ತಾರೆ. ಇರಲಿ. ಕಾವ್ಯಗಳು ಎರಡಾದರೆ ಚಿಂತನೆಯೂ ಎರಡಾಗಬೇಕಿಲ್ಲ. ಮೂಲದ್ರವ್ಯಗಳ ವಿವರಣೆಯ ನಡುವೆ ಆ ಗೋಳನ್ನು ಇಡಲು ಅವನಿಗೆ ಅಡ್ಡಿಯೆನಿಸಲಿಲ್ಲ ಎಂಬುದಷ್ಟೇ ನನಗೆ ಸಾಕು. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಸಾವಿನಲ್ಲಿ ಎಲ್ಲವೂ ಚದುರಿಹೋಗುವುದಾದರೆ ಮರುಹುಟ್ಟು ಪಡೆಯುವುದು ಏನು? ಉಳಿದ ಸಾಲುಗಳಲ್ಲಿ ನೇರ ಉತ್ತರವಿಲ್ಲ. ಆದರೆ ಡೀಲ್ಸ್ ‘ಶುದ್ಧೀಕರಣ’ಕ್ಕೆ ಸೇರಿಸಿದ 115ನೆಯ ತುಣುಕನ್ನು ನೋಡಿ. ಕಲಹವನ್ನು ನಂಬಿ ಪತಿತನಾದ ದಿವ್ಯಜೀವಿಯನ್ನು ಗಾಳಿ ಕಡಲಿಗೆ ಅಟ್ಟುತ್ತದೆ, ಕಡಲು ನೆಲಕ್ಕೆ ಉಗುಳುತ್ತದೆ, ನೆಲ ಸೂರ್ಯನತ್ತ ಎಸೆಯುತ್ತದೆ, ಸೂರ್ಯ ಮತ್ತೆ ಗಾಳಿಗೆ ತಳ್ಳುತ್ತಾನೆ. ಪಾಪದ ಕಾರಣವೂ ಶಿಕ್ಷೆಯ ತಾಣಗಳೂ ಅವನ ನಿಸರ್ಗಶಾಸ್ತ್ರದವೇ. ಉತ್ತರ ಸಿಗದ ಪ್ರಶ್ನೆಯೊಂದು ಉಳಿದಿದೆಯೆಂದು ಅವನನ್ನು ಇಬ್ಬರಾಗಿಸುವುದು ನ್ಯಾಯವಲ್ಲ. ಗ್ರೀಕ್ ಚಿಂತನೆ ಪುರಾಣವನ್ನು ಬಿಟ್ಟು ತರ್ಕದ ಕಡೆಗೆ ನೇರವಾಗಿ ನಡೆಯಿತೆಂದು ಪಾಠ ಹೇಳುವವರು ಮೊದಲು 17ನೆಯ ತುಣುಕಿನ ಪಕ್ಕದಲ್ಲಿ 115ನ್ನು ಇಟ್ಟು ಓದಲಿ.