ಕೀಷೋನ್ ಹೊಳೆಯ ಕೆಸರು

1918ರ ಸೆಪ್ಟೆಂಬರ್ 23ರ ಮಧ್ಯಾಹ್ನ, ಮೊದಲ ಮಹಾಯುದ್ಧದಲ್ಲಿ, ಹೈಫಾ ಪಟ್ಟಣದ ಹೊರಗೆ, ಜೋಧಪುರದ ಸವಾರರ ಕುದುರೆಗಳು ಒಂದು ಸಣ್ಣ ಹೊಳೆಯ ದಡದಲ್ಲಿ ಹೂತುಕೊಂಡವು. ನಕಾಶೆಯ ಮೇಲೆ ಅದು ಸುಲಭವಾಗಿ ದಾಟಬಹುದಾದ ನೀರು. ಆದರೆ ದಡದ ನೆಲವೆಲ್ಲ ಹುದುಲು. ಮುಂದಾಗಿ ಹೋದ ಕುದುರೆಗಳು ಕಾಲೂರಲಾಗದೆ ಮುಗ್ಗರಿಸಿದ್ದನ್ನು ಕಂಡು ದಂಡು ಎಡಕ್ಕೆ ತಿರುಗಿತು, ಬೆಟ್ಟದ ಬುಡ ಹಿಡಿದು ಊರಿನೊಳಕ್ಕೆ ನುಗ್ಗಿತು. ಬೆಟ್ಟದ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸಲು ಕಡಿದಾದ ಕಾಲುದಾರಿಯಲ್ಲಿ ಹತ್ತಿದವರು ಮೈಸೂರು ಲ್ಯಾನ್ಸರ್ಸ್‌ನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಪಡೆಯ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು.

ಆ ಹೊಳೆಯ ಹೆಸರು ಕೀಷೋನ್. ಬೆಟ್ಟ ಪ್ರವಾದಿ ಎಲೀಯನ ಕರ್ಮೆಲ್. ಕನ್ನಡ ಬೈಬಲಿನ ‘ನ್ಯಾಯಸ್ಥಾಪಕರು’ ಪುಸ್ತಕವನ್ನು ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಇದೇ ಹೊಳೆಯ ಮೇಲ್ಗಡೆ, ಮೆಗಿದ್ದೋ ಬಯಲಿನ ಕಡೆ, ಕಾನಾನ್ಯರ ಸೇನಾಪತಿ ಸೀಸೆರ 900 ಕಬ್ಬಿಣದ ರಥಗಳನ್ನು ಇಟ್ಟುಕೊಂಡೂ ಸೋಲುತ್ತಾನೆ. ಸೋತವನು ರಥದಿಂದ ಇಳಿದು ಕಾಲ್ನಡಿಗೆಯಲ್ಲಿ ಓಡುತ್ತಾನೆ. ರಥ ಇರುವವನು ಕಾಲ್ನಡಿಗೆಯಲ್ಲಿ ಯಾಕೆ ಓಡಬೇಕು? ಗದ್ಯದ ಕಥನದಲ್ಲಿ ಇದಕ್ಕೆ ವಿವರಣೆ ಇಲ್ಲ. ಅದರ ಮಗ್ಗುಲಲ್ಲೇ ಪ್ರವಾದಿನಿ ದೆಬೋರಳ ಹಾಡೊಂದಿದೆ. ಹೀಬ್ರೂ ಬೈಬಲಿನ ತೀರ ಹಳೆಯ ಭಾಗಗಳಲ್ಲಿ ಒಂದೆಂದು ಬಹುಪಾಲು ವಿದ್ವಾಂಸರು ಎಣಿಸುವ ಹಾಡು. ಅದರ ಪ್ರಕಾರ ಶತ್ರುವನ್ನು ಕೊಚ್ಚಿಕೊಂಡು ಹೋದದ್ದು ಹೊಳೆ.

ಇದರಿಂದ ಸೀಸೆರನೆಂಬವನು ಇದ್ದನೆಂದು ರುಜುವಾತಾಯಿತೆ? ಇಲ್ಲ. ಆದರೆ ಆ ಹಾಡು ಕಟ್ಟಿದವರಿಗೆ ಆ ಕೆಸರು ಗೊತ್ತಿತ್ತು. ಮೂರು ಸಾವಿರ ವರ್ಷಗಳ ಮೇಲೆ ಜೋಧಪುರದ ಕುದುರೆಗಳಿಗೆ ತಿಳಿದದ್ದು ಅವರಿಗೆ ಮೊದಲೇ ತಿಳಿದಿತ್ತು. ನನ್ನ ವಾದವೆಲ್ಲ ಈ ಸಣ್ಣ ವಿಷಯಕ್ಕೆ ಜೋತುಬಿದ್ದಿದೆ.

ಬೈಬಲ್ ಮತ್ತು ಪುರಾತತ್ವ ಎಂಬ ಎರಡು ಮಾತು ಒಟ್ಟಿಗೆ ಬಂದ ಕೂಡಲೇ ಜನ ಕೋರ್ಟು ಕಟ್ಟಿಬಿಡುತ್ತಾರೆ. ಗ್ರಂಥ ಕಟಕಟೆಯಲ್ಲಿ, ಗುದ್ದಲಿ ಸಾಕ್ಷಿಯ ಜಾಗದಲ್ಲಿ. ಭಕ್ತರಿಗೆ ಬೇಕಾದದ್ದು ಖುಲಾಸೆ, ನಾಸ್ತಿಕರಿಗೆ ಬೇಕಾದದ್ದು ಶಿಕ್ಷೆ. ಮಣ್ಣು ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಎರಡೂ ಕಡೆಯವರು ಒಂದೇ ಧಾಟಿಯಲ್ಲಿ ಆಡುತ್ತಾರೆ. ಮಣ್ಣು ಸುಳ್ಳು ಹೇಳುವುದಿಲ್ಲ, ಸರಿ. ಅದು ತಾನಾಗಿ ನಿಜವನ್ನೂ ಹೇಳುವುದಿಲ್ಲ. ಯೆರಿಕೋ ಊರಿನ ಕಥೆಯೇ ಇದಕ್ಕೆ ಸಾಕು.

ಇಸ್ರಾಯೇಲ್ಯರ ನಾಯಕ ಯೆಹೋಶುವನ ದಂಡು ಕೊಂಬು ಊದುತ್ತ ಸುತ್ತು ಹಾಕಿದಾಗ ಕುಸಿಯಿತೆನ್ನುವ ಗೋಡೆಗಳಿಗಾಗಿ ಆ ದಿಬ್ಬವನ್ನು ಮತ್ತೆ ಮತ್ತೆ ಅಗೆದಿದ್ದಾರೆ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಬಿದ್ದ ಗೋಡೆಯೊಂದನ್ನು ಕಂಡು ಇದು ಯೆಹೋಶುವನ ಕಾಲದ್ದೇ ಎಂದರು. ಪತ್ರಿಕೆಗಳಿಗೆ ಹಬ್ಬ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬದಲ್ಲಿ ಪದರ ಪದರವಾಗಿ, ಮಡಕೆ ಚೂರುಗಳನ್ನು ಎಣಿಸುತ್ತ ಅಗೆದರು. ಗಾರ್‌ಸ್ಟಾಂಗ್ ತೋರಿಸಿದ ಗೋಡೆ ಯೆಹೋಶುವನಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಊರು ಸುಟ್ಟುಹೋದದ್ದು ಕ್ರಿ.ಪೂ. 1550ರ ಸುಮಾರಿಗೆ. ಇಸ್ರಾಯೇಲ್ಯರು ಬಂದರೆನ್ನುವ ಕ್ರಿ.ಪೂ. 13ನೇ ಶತಮಾನದಲ್ಲಿ ಅಲ್ಲಿ ಗೋಡೆ ಕಟ್ಟಿಕೊಂಡ ಊರೇ ಇರಲಿಲ್ಲ. ದಿಬ್ಬ ಅದೇ, ಮಣ್ಣು ಅದೇ. ಬದಲಾದದ್ದು ಕೇಳುವವರ ತಾಳ್ಮೆ. ಯಾರೂ ಕೇಳದ ಒಂದನ್ನು ಆ ದಿಬ್ಬ ತಾನಾಗಿ ಕೊಟ್ಟಿತು ಎನ್ನುವುದೂ ಇದೆ: ಕ್ರಿ.ಪೂ. 8000ದ ಸುಮಾರಿನ, ಎಂಟು ಮೀಟರಿಗೂ ಹೆಚ್ಚು ಎತ್ತರದ ಕಲ್ಲಿನ ಬುರುಜು. ಬೈಬಲಿಗೆ ಅದರ ಸುಳಿವೇ ಇಲ್ಲ.

ಹಾಗಾದರೆ ಯೆರಿಕೋ ಕಥೆ ಕಟ್ಟುಕಥೆ ಎಂದು ಮುಗಿಸಿಬಿಡೋಣವೆ? ಘಟನೆಯ ಮಟ್ಟಿಗೆ ಹೌದು. ಅಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅರ್ಥವಿಲ್ಲ. ಆದರೆ ಆಯಿ ಎಂಬ ಇನ್ನೊಂದು ಊರಿನ ಕಥೆ ಕೇಳಿ. ಯೆರಿಕೋ ಆದಮೇಲೆ ಯೆಹೋಶುವ ಗೆದ್ದು ಸುಟ್ಟದ್ದು ಆಯಿಯನ್ನು. ಆ ಊರಿನದೆಂದು ಒಪ್ಪಿಕೊಂಡಿರುವ ದಿಬ್ಬವನ್ನು 1933ರಿಂದ 1935ರವರೆಗೆ ಜೂಡಿತ್ ಮಾರ್ಕೆ-ಕ್ರೌಸ್ ಎಂಬ ತರುಣಿ ಅಗೆಸಿದರು. ಅಲ್ಲಿ ಸಿಕ್ಕ ದೊಡ್ಡ ಪಟ್ಟಣ ಯೆಹೋಶುವನಿಗಿಂತ ಸಾವಿರ ವರ್ಷಕ್ಕೂ ಮೊದಲೇ ಹಾಳುಬಿದ್ದಿತ್ತು. ಇನ್ನು ಹೆಸರನ್ನು ನೋಡಿ. ಆಯಿ ಎಂಬ ಹೀಬ್ರೂ ಹೆಸರಿಗೆ ಪಾಳುದಿಬ್ಬ ಎಂದೇ ಅರ್ಥ ಹೇಳುತ್ತಾರೆ. ನಮ್ಮ ಕಡೆಯಾದರೆ ಹಾಳೂರು ಅನ್ನುತ್ತಿದ್ದೆವು. ತನ್ನ ಊರಿಗೆ ಹಾಳೂರು ಎಂದು ಯಾರು ಹೆಸರಿಡುತ್ತಾರೆ? ಹಾಳಾದ ಮೇಲೆ ಬಂದವರು. ಗುಡ್ಡದ ಪಕ್ಕ ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬ ಇಷ್ಟು ದೊಡ್ಡ ಗೋಡೆಗಳನ್ನು ಬೀಳಿಸಿದವರು ಯಾರು ಎಂದು ಅಜ್ಜನನ್ನು ಕೇಳಿರಬೇಕು. ಅಜ್ಜ ಒಂದು ಉತ್ತರ ಕೊಟ್ಟಿರಬೇಕು. ಆ ಊರು ಇವತ್ತಿಗೂ ಹಾಳುಬಿದ್ದಿದೆ ಎಂಬ ಮಾತು ಯೆಹೋಶುವನ ಪುಸ್ತಕದಲ್ಲೇ ಇದೆ. ಬರೆದವನು ಕೇಳುವವರಿಗೆ ಬೆರಳು ಚಾಚಿ ದಿಬ್ಬ ತೋರಿಸುತ್ತಿದ್ದಾನೆ. ಕಥೆ ನಡೆದ ಜಾಗವನ್ನು ನಾವು ಹುಡುಕುತ್ತ ಹೋದೆವು. ಜಾಗ ಮೊದಲೇ ಇತ್ತು, ಕಥೆಗೆ ಜನ್ಮ ಕೊಟ್ಟದ್ದೇ ಅದು.

ಇದು ಜಾಣತನದ ಪಲಾಯನವಲ್ಲವೇ ಎಂದು ಕೇಳುವವರಿದ್ದಾರೆ. ಗೋಡೆ ಸಿಕ್ಕರೆ ಬೈಬಲ್ ಗೆದ್ದಿತು, ಸಿಗದಿದ್ದರೆ ಕಥೆಯ ಹುಟ್ಟು ಗೊತ್ತಾಯಿತು. ಹೇಗೆ ಬಿದ್ದರೂ ಕಾಲು ಮೇಲೆ! ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ನನ್ನ ನಿಲುವನ್ನು ಅದು ಸೋಲಬಹುದಾದ ಜಾಗಕ್ಕೆ ಒಯ್ಯುತ್ತೇನೆ. ಒಂದೇ ಘಟನೆಯನ್ನು ಗೆದ್ದವನೂ ಉಳಿದುಕೊಂಡವನೂ ಬರೆದಿಟ್ಟಿರಬೇಕು, ಜೊತೆಗೆ ನೆಲವೂ ಇರಬೇಕು. ಅಂಥದ್ದು ಇದೆ: ಕ್ರಿ.ಪೂ. 701.

ಆ ವರ್ಷ ಅಶ್ಶೂರದ ಅರಸ ಸನ್ಹೇರೀಬ ಯೆಹೂದ ನಾಡಿನ ಮೇಲೆ ಬಂದ. ಯೆರೂಸಲೇಮಿನಲ್ಲಿ ಹಿಜ್ಕೀಯ ಅರಸ. ಸನ್ಹೇರೀಬ ತನ್ನ ಪ್ರತಾಪವನ್ನು ಆರು ಮುಖದ ಮಣ್ಣಿನ ಕಂಬಗಳ ಮೇಲೆ ಬರೆಸಿದ. ಕೋಟೆ ಇದ್ದ 46 ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಊರಿನಲ್ಲೇ ಕೂಡಿಹಾಕಿದೆ, 30 ತಲಾಂತು ಬಂಗಾರ ಮತ್ತು 800 ತಲಾಂತು ಬೆಳ್ಳಿ ಕಪ್ಪವಾಗಿ ಬಂತು ಎಂದು. ಬೈಬಲಿನ ‘ಅರಸುಗಳು’ ಪುಸ್ತಕದಲ್ಲಿ ಬಂಗಾರ 30 ತಲಾಂತೇ, ಬೆಳ್ಳಿ ಮಾತ್ರ 300. ಕೊಟ್ಟವನ ಲೆಕ್ಕಕ್ಕೂ ತೆಗೆದುಕೊಂಡವನ ಲೆಕ್ಕಕ್ಕೂ ಇಷ್ಟಾದರೂ ಹೊಂದಾಣಿಕೆ ಇರುವುದು ಅಪರೂಪ. ಆಮೇಲೆ ದಾರಿಗಳು ಕವಲೊಡೆಯುತ್ತವೆ. ದೇವದೂತನು ಒಂದೇ ರಾತ್ರಿಯಲ್ಲಿ 1,85,000 ಸೈನಿಕರನ್ನು ಕೊಂದ ಎನ್ನುತ್ತದೆ ಬೈಬಲ್. ಸನ್ಹೇರೀಬನ ಬರಹದಲ್ಲಿ ಸಾವಿನ ಸುದ್ದಿಯೇ ಇಲ್ಲ. ಯೆರೂಸಲೇಮನ್ನು ಹಿಡಿದೆ ಎಂಬ ಮಾತೂ ಇಲ್ಲ. ಬಡಾಯಿ ಕೊಚ್ಚುವ ಅರಸನ ಮೌನಕ್ಕೆ ಬೆಲೆ ಜಾಸ್ತಿ. (ಗ್ರೀಕರ ಹೆರೋಡೊಟಸ್ ಮೂರನೆಯ ಕಥೆ ಹೇಳುತ್ತಾನೆ: ಈಜಿಪ್ಟಿನ ಗಡಿಯಲ್ಲಿ ಇಲಿಗಳು ಬಂದು ಸನ್ಹೇರೀಬನ ಸೈನ್ಯದ ಬಿಲ್ಲುಗಳ ಹೆದೆ ಕಡಿದು ಹಾಕಿದವಂತೆ.)

ಗೆದ್ದ ಊರು ಯಾವುದು? ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಸನ್ಹೇರೀಬ ಕೆತ್ತಿಸಿದ್ದು ಲಾಕೀಷ್ ಪಟ್ಟಣದ ಮುತ್ತಿಗೆಯನ್ನು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಳಿಜಾರು ಕಟ್ಟೆ, ಕೋಟೆ ಒಡೆಯುವ ದೂಲಗಳು, ಮೇಲಿಂದ ಬೀಳುವ ಪಂಜುಗಳು, ಶೂಲಕ್ಕೇರಿಸಿದ ಗಂಡಸರು, ಎತ್ತಿನ ಗಾಡಿಯ ಮೇಲೆ ಗಂಟುಮೂಟೆ ಹೇರಿ ಹೆಂಗಸರು ಮಕ್ಕಳೊಂದಿಗೆ ಹೊರಟ ಸಂಸಾರಗಳು. ಲಾಕೀಷಿನ ದಿಬ್ಬವನ್ನು ಅಗೆದಾಗ ಅದೇ ಇಳಿಜಾರು ಕಟ್ಟೆ ನೈಋತ್ಯ ಮೂಲೆಯಲ್ಲಿ ಸಿಕ್ಕಿತು, ಜೊತೆಗೆ ನೂರಾರು ಬಾಣದ ಮೊನೆಗಳು, ಕವಣೆಕಲ್ಲುಗಳು, ಸುಟ್ಟ ಮನೆಗಳು. ಈ ಊರಿನ ಸಾವಿನ ಬಗ್ಗೆ ಬೈಬಲ್ ಏನನ್ನುತ್ತದೆ? ಸನ್ಹೇರೀಬ ಲಾಕೀಷಿನಲ್ಲಿ ಬೀಡುಬಿಟ್ಟಿದ್ದ ಎಂಬಷ್ಟನ್ನೇ. ಯೆರೂಸಲೇಮ್ ಉಳಿಯಿತೆಂಬ ಸಂಭ್ರಮದಲ್ಲಿ, ಸುಮಾರು 40 ಕಿಲೋಮೀಟರ್ ದೂರದಲ್ಲಿ ಉರಿದ ಊರು ಒಂದು ವಿಳಾಸವಾಗಿ ಉಳಿಯಿತು. ಸನ್ಹೇರೀಬನ ಮಣ್ಣಿನ ಕಂಬದಲ್ಲೂ ಲಾಕೀಷಿನ ಹೆಸರಿಲ್ಲ. ಅಲ್ಲಿ ಅವನಿಗೆ ಮುಖ್ಯವಾದದ್ದು ಹಿಜ್ಕೀಯ. ಬರಹಗಳು ಎರಡೂ ಬಿಟ್ಟ ಜನರನ್ನು ಹಿಡಿದಿಟ್ಟದ್ದು ಗೋಡೆಯ ಕಲ್ಲು ಮತ್ತು ಬೂದಿಯ ಪದರ.

ನನ್ನ ನಿಲುವು ಇಲ್ಲಿ ಸೋಲಬಹುದಿತ್ತು. ಬೈಬಲ್ ಬಹಳ ತಡವಾಗಿ, ನೆಲದ ಪರಿಚಯವೇ ಇಲ್ಲದವರು ಹೊಸೆದ ಪುಸ್ತಕವಾಗಿದ್ದರೆ ಬಂಗಾರದ ಲೆಕ್ಕ ಕೂಡುತ್ತಿರಲಿಲ್ಲ, ಸನ್ಹೇರೀಬ ಬೀಡುಬಿಟ್ಟನೆಂದು ಅದು ಹೇಳುವ ಲಾಕೀಷಿನಲ್ಲೇ ಮುತ್ತಿಗೆಯ ಕಟ್ಟೆ ಸಿಗುತ್ತಿರಲಿಲ್ಲ. ಗ್ರಂಥ ಅಕ್ಷರಶಃ ನಿಜವಾಗಿದ್ದರೆ ಯೆರಿಕೋದಲ್ಲಿ ಗೋಡೆ ಸಿಗಬೇಕಿತ್ತು. ಎರಡೂ ಆಗಲಿಲ್ಲ. ಈ ನೆಲದ ಮೇಲೆ ಬದುಕಿದವರು, ಈ ನೆಲದ ಗಾಯಗಳನ್ನು ನೋಡುತ್ತ, ತಮಗೆ ಬೇಕಾದದ್ದನ್ನು ನೆನೆದು ಬೇಡವಾದದ್ದನ್ನು ಮರೆತು ಹೇಳಿದ್ದು ಉಳಿದಿದೆ. ದೇವದೂತನ ವಿಷಯದಲ್ಲಿ ಗುದ್ದಲಿ ಬಾಯಿ ಬಿಡುವುದಿಲ್ಲ, ಬಿಡಬೇಕೆಂದು ಕೇಳುವುದೇ ತಪ್ಪು.

ಯಾತ್ರಿಕರ ಬಗ್ಗೆಯೂ ಒಂದು ಮಾತು. ಪ್ರವಾಸ ಮಾಡಿದ ಮಾತ್ರಕ್ಕೆ ಕಣ್ಣು ತೆರೆಯುತ್ತದೆಂದು ನಾನು ನಂಬುವುದಿಲ್ಲ. ಮನೆಯಲ್ಲಿ ಕೂತು ನಕಾಶೆ ಬಿಡಿಸುವವನ ಹೊಟ್ಟೆಕಿಚ್ಚು ಎಂದರೂ ಸರಿಯೆ. ನಾಲ್ಕನೆಯ ಶತಮಾನದ ಕೊನೆಗೆ ಎಗೇರಿಯಾ ಎಂಬ ಭಕ್ತೆ ಆ ನಾಡನ್ನು ಸುತ್ತಿದಳು. ಪ್ರತಿ ಜಾಗದಲ್ಲೂ ಅಲ್ಲಿಗೆ ಸಂಬಂಧಿಸಿದ ಭಾಗವನ್ನು ಓದಿಸಿ ಕೇಳುತ್ತಿದ್ದಳು. ಪುಸ್ತಕ ಹೇಳಿದ್ದನ್ನೇ ನೆಲ ತೋರಿಸಿತು. 1838ರಲ್ಲಿ ಬಂದ ಅಮೆರಿಕದ ಎಡ್ವರ್ಡ್ ರಾಬಿನ್ಸನ್ ಕೈಯಲ್ಲೂ ಬೈಬಲ್ ಇತ್ತು. ಆದರೆ ಪ್ರೊಟೆಸ್ಟೆಂಟನಾದ ಆತನಿಗೆ ಮಠಗಳ ಸನ್ಯಾಸಿಗಳು ತೋರಿಸುವ ‘ಇಲ್ಲೇ ನಡೆಯಿತು’ ಜಾಗಗಳ ಮೇಲೆ ನಂಬಿಕೆ ಇರಲಿಲ್ಲ. ಅರಬ್ಬಿ ಬಲ್ಲ ಮಿಷನರಿ ಎಲೈ ಸ್ಮಿತ್‌ನನ್ನು ಜೊತೆಗಿಟ್ಟುಕೊಂಡು ರೈತರನ್ನು, ಕುರುಬರನ್ನು ಕೇಳುತ್ತ ಹೋದ. ಈ ಊರಿನ ಹೆಸರೇನು? ಆ ಗುಡ್ಡದ್ದು? ಅನಾತಾ ಅಂದರು; ಯೆರೆಮೀಯನ ಅನಾತೋತ್. ಸೈಲೂನ್ ಅಂದರು; ಶೀಲೋ. ಬೈತೀನ್ ಅಂದರು, ಬೇತೇಲ್. ಜೀಬ್ ಎಂಬ ಹಳ್ಳಿ ಗಿಬ್ಯೋನ್ ಎಂದು ಆತ ಊಹಿಸಿದ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಅಲ್ಲಿ ಅಗೆದಾಗ ಜಾಡಿಗಳ ಹಿಡಿಕೆಗಳ ಮೇಲೆ ಗಿಬ್ಯೋನ್ ಎಂಬ ಹೆಸರೇ ಕೊರೆದಿತ್ತು. ಹೆಸರುಗಳು ಊರಿನ ಜೊತೆ ಒಂದೆರಡು ಮೈಲಿ ಜರುಗುವುದುಂಟು. ಆದರೂ ಭಾಷೆ ಬದಲಾಗಿ, ಧರ್ಮ ಬದಲಾಗಿ, ರಾಜ್ಯಗಳು ಬಂದು ಹೋಗಿ, ಹೀಬ್ರೂ ಹೆಸರುಗಳನ್ನು ಬಾಯಲ್ಲಿ ಉಳಿಸಿಕೊಂಡವರು ಅರಬ್ಬಿ ಮಾತಾಡುವ ಹಳ್ಳಿಗರು. ಬೈಬಲ್ ಭೂಗೋಳದ ಪುಸ್ತಕಗಳಲ್ಲಿ ರಾಬಿನ್ಸನ್ನನ ಹೆಸರು ದಪ್ಪಕ್ಷರದಲ್ಲಿದೆ. ಹೇಳಿಕೊಟ್ಟವರ ಹೆಸರು ಯಾವುದೂ ಇಲ್ಲ.

ರಾಬಿನ್ಸನ್ ಯೆರೂಸಲೇಮಿನ ಗೀಹೋನ್ ಬುಗ್ಗೆಯ ಸುರಂಗದಲ್ಲೂ ತೆವಳಿದ್ದ. ಮುತ್ತಿಗೆಗೆ ಮುಂಚೆ ನೀರನ್ನು ಊರೊಳಕ್ಕೆ ತರಲು ಹಿಜ್ಕೀಯ ಕೊರೆಸಿದನೆಂದು ಬೈಬಲ್ ಹೇಳುವ ಸುರಂಗ ಇದು: 533 ಮೀಟರ್ ಉದ್ದ, ಹಾವಿನಂತೆ ಬಳುಕುತ್ತದೆ, ಆದಿಯಿಂದ ಅಂತ್ಯಕ್ಕೆ ಇಳಿಜಾರು ಒಂದಡಿಯಷ್ಟು. ಗಾರೆಯಲ್ಲಿ ಸಿಕ್ಕ ಸಸ್ಯದ ಚೂರುಗಳನ್ನು ಪರೀಕ್ಷಿಸಿ 2003ರಲ್ಲಿ ಕೊಟ್ಟ ಕಾಲ ಕ್ರಿ.ಪೂ. 700ರ ಆಸುಪಾಸು; ಇನ್ನೂ ಹಳೆಯದೆನ್ನುವವರೂ ಇದ್ದಾರೆ. ಗೋಡೆಯಲ್ಲೇ ಇದ್ದ ಶಾಸನ ರಾಬಿನ್ಸನ್ನನ ಕಣ್ಣಿಗೆ ಬೀಳಲಿಲ್ಲ. 1880ರಲ್ಲಿ ನೀರಾಟಕ್ಕೆ ಇಳಿದ ಶಾಲೆಯ ಹುಡುಗನ ಕಣ್ಣಿಗೆ ಬಿತ್ತು. ಆಮೇಲೆ ಯಾರೋ ಅದನ್ನು ಕಿತ್ತರು, ಕೀಳುವಾಗ ಒಡೆದರು. ಒಟ್ಟೋಮನ್ ಆಡಳಿತದ ಕಾಲವಾದ್ದರಿಂದ ತುಂಡುಗಳು ಇಸ್ತಾಂಬುಲ್ ಸೇರಿದವು, ಈಗಲೂ ಅಲ್ಲೇ ಇವೆ.

ಸುರಂಗದ ನೀರು ಸೇರುವ ಕೊಳ ಬೈಬಲಿನ ಸಿಲೋವ. ಎದುರಿನ ಹಳ್ಳಿಯ ಹೆಸರು ಸಿಲ್ವಾನ್: ಅದೇ ಹೆಸರು, ಅರಬ್ಬಿ ನಾಲಗೆಯಲ್ಲಿ. ಈಗ ಅಲ್ಲಿ ದಾವೀದನ ಪಟ್ಟಣವೆಂಬ ಪ್ರವಾಸಿ ತಾಣವಿದೆ, ನೆಲದಡಿ ಅಗೆತ ನಡೆದೇ ಇದೆ, ಮನೆಗೋಡೆಗಳು ಬಿರುಕು ಬಿಡುತ್ತಿವೆಯೆಂದು ಮೇಲಿರುವ ಪ್ಯಾಲೆಸ್ಟೀನಿ ಸಂಸಾರಗಳು ದೂರುತ್ತವೆ. ದಾವೀದನ ಹೆಸರು ಬರಿಯ ದಂತಕಥೆಯಲ್ಲ ಎನ್ನಲು 1993ರಲ್ಲಿ ತೆಲ್ ದಾನ್‌ನಲ್ಲಿ ಸಿಕ್ಕ, ಅವನ ಮನೆತನವನ್ನು ಹೆಸರಿಸುವ ಶಾಸನದ ತುಂಡು ಇದೆ. ಹಾಗೆಂದು ಮೂರು ಸಾವಿರ ವರ್ಷದ ಹೆಸರು ಇವತ್ತಿನ ಮನೆಯ ಹಕ್ಕುಪತ್ರವಾಗುವುದಿಲ್ಲ. ಹೆಸರನ್ನು ಕಾಪಾಡಿದವರ ಕಾಲಡಿಯ ನೆಲವನ್ನೇ ಆ ಹೆಸರಿನ ಸಾಕ್ಷಿಗಾಗಿ ಟೊಳ್ಳು ಮಾಡುವುದು ನನಗೆ ವಿದ್ಯೆ ಎನ್ನಿಸುವುದಿಲ್ಲ.

ಇಸ್ತಾಂಬುಲಿನಲ್ಲಿರುವ ಆ ಆರು ಸಾಲಿನ ಶಾಸನದಲ್ಲಿ ಹಿಜ್ಕೀಯನ ಹೆಸರಿಲ್ಲ. ದೇವರ ಹೆಸರೂ ಇಲ್ಲ. ಬೈಬಲ್ ಅರಸನನ್ನು ಹೆಸರಿಸಿ ಕೆಲಸಗಾರರನ್ನು ಬಿಟ್ಟಿತು; ಶಾಸನ ಕೆಲಸಗಾರರನ್ನು ನೆನೆದು ಅರಸನನ್ನು ಬಿಟ್ಟಿತು. ಎರಡು ತಂಡಗಳು ಎರಡು ಕಡೆಯಿಂದ ಬಂಡೆ ಕೊರೆಯುತ್ತ ಬಂದದ್ದು, ಮೂರು ಮೊಳ ಉಳಿದಿರುವಾಗ ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿಸಿದ್ದು, ಕೊನೆಗೆ ಪಿಕಾಸಿಗೆ ಪಿಕಾಸಿ ಎದುರಾಗಿ ನೀರು 1,200 ಮೊಳ ಹರಿದದ್ದು, ಅಷ್ಟೇ ಅದರ ಸುದ್ದಿ. ಸುರಂಗದ ನಡುವೆ, ಎರಡು ತಂಡ ಕೂಡಿದ ಕಡೆ, ಕೊರೆತ ಎಡಕ್ಕೂ ಬಲಕ್ಕೂ ತಡವರಿಸುತ್ತದೆ. ಕತ್ತಲಲ್ಲಿ ಸದ್ದು ಹುಡುಕಿದ ಗುರುತು ಅದು. ಅಲ್ಲಿ ಗೋಡೆಯ ಮೇಲಿನ ಪಿಕಾಸಿ ಗೆರೆಗಳು ದಿಕ್ಕು ಬದಲಿಸುತ್ತವೆ.