ಆಯುಸ್ಸೂ ಪುರುಷಕಾರವೂ

ಆಯುಸ್ಸು ವಿಧಿಲಿಖಿತವಾಗಿರುವಾಗ, ನೋವು ಬೇನೆಯಿಲ್ಲದ ದೇಹವನ್ನು ವರ್ಷ ವರ್ಷವೂ ವೈದ್ಯನ ಪರೀಕ್ಷೆಗೆ ಒಡ್ಡುವುದು ಭಗವಂತನಲ್ಲಿ ಅವಿಶ್ವಾಸವಲ್ಲವೇ ಎಂದು ಕೇಳುವ ಆಸ್ತಿಕರು ನಮ್ಮಲ್ಲಿ ವಿರಳರಲ್ಲ. ಇದು ಹಗುರವಾದ ಪ್ರಶ್ನೆಯಲ್ಲ. ಆಯುಸ್ಸಿನ ಪ್ರಮಾಣವು ನಿಯತವೋ ಅನಿಯತವೋ ಎಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶನು ಗುರು ಆತ್ರೇಯನನ್ನು ಕೇಳಿದುದೂ ಇದನ್ನೇ. ಪೂರ್ವಜನ್ಮದ ಕರ್ಮವಾದ ದೈವ, ಈ ಜನ್ಮದ ಕರ್ಮವಾದ ಪುರುಷಕಾರ, ಇವೆರಡರ ಬಲಾಬಲವನ್ನು ಆಶ್ರಯಿಸಿ ಆಯುಸ್ಸು ನಿಲ್ಲುವುದೆಂದೂ, ದುರ್ಬಲವಾದ ದೈವವನ್ನು ಪುರುಷಕಾರವು ಗೆಲ್ಲಬಲ್ಲುದೆಂದೂ ಆತ್ರೇಯನು ಉತ್ತರವಿತ್ತನು. ಹದವರಿತು ನಡೆಸಿದ ಬಂಡಿಯ ಅಚ್ಚು ತನ್ನ ಕಾಲಕ್ಕೆ ತಾನೇ ಸವೆದು ತೀರುವುದು. ಅತಿಭಾರ ಹೇರಿ, ಕೀಲೆಣ್ಣೆ ಕಾಣಿಸದೆ, ಹಳ್ಳದಿಣ್ಣೆಗಳಲ್ಲಿ ಓಡಿಸಿದ ಬಂಡಿಯ ಅಚ್ಚು ನಡುದಾರಿಯಲ್ಲೇ ಮುರಿಯುವುದು ಎಂಬುದು ಅವನಿತ್ತ ದೃಷ್ಟಾಂತ.

ತನ್ನ ದೈವವು ಪ್ರಬಲವೋ ದುರ್ಬಲವೋ ಎಂಬುದನ್ನೇ ಅರಿಯದವನು ಪ್ರಯತ್ನವನ್ನು ಮೊದಲೇ ಕೈಬಿಟ್ಟು ಅದನ್ನು ಶರಣಾಗತಿಯೆಂದು ಕರೆದುಕೊಂಡರೆ, ಬಹುಮಟ್ಟಿಗೆ ಅದು ವೈರಾಗ್ಯದ ವೇಷ ತೊಟ್ಟ ಭಯವೇ ಎಂದು ನನ್ನ ನಂಬುಗೆ. ‘ಏನಾದರೂ ಕಂಡುಬಿಟ್ಟರೆ?’ ಎಂಬ ಅಂಜಿಕೆ ಒಳಗೆ. ‘ದೇವರಿಟ್ಟಂತಾಗಲಿ’ ಎಂಬ ಮಾತು ಹೊರಗೆ. ಆದರೆ ನೋವಿಲ್ಲದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ರೋಗವು ಸ್ಫುಟವಾಗಿ ತೋರುವ ‘ವ್ಯಕ್ತಿ’ಯನ್ನು ಸುಶ್ರುತನು ರೋಗ ಬೆಳೆಯುವ ಆರು ಘಟ್ಟಗಳಲ್ಲಿ ಐದನೆಯದಾಗಿ ಎಣಿಸಿದನು, ಎಂದರೆ ಅದಕ್ಕೆ ಮುನ್ನವೇ ನಾಲ್ಕು ಘಟ್ಟಗಳು ಕಳೆದಿರುತ್ತವೆ. ಇಂದಿಗೂ ರಕ್ತದೊತ್ತಡವು 140/90ನ್ನು ಮೀರಿ ಬಹುಕಾಲ ನಿಂತಿದ್ದರೂ ಬಹುಮಂದಿಗೆ ತಲೆನೋವಷ್ಟೂ ತೋರದೆ, ಹೃದಯ ಮೂತ್ರಪಿಂಡಗಳು ಒಳಗೊಳಗೇ ಜರ್ಜರಿತವಾಗುತ್ತಿರುವುದುಂಟು.

ಪರೀಕ್ಷೆಗೆ ಅಣಿಯಾಗುವುದರಲ್ಲಿಯೂ ವ್ರತದ ಲಕ್ಷಣವಿದೆ. ಹಸಿದ ಹೊಟ್ಟೆಯ ಸಕ್ಕರೆಯನ್ನು ಅಳೆಯಲು ಕಡೆಯ ಪಕ್ಷ 8 ಗಂಟೆ ನೀರಿನ ಹೊರತು ಏನನ್ನೂ ಸೇವಿಸಲಾಗದು. ಒತ್ತಡ ನೋಡುವ ಮುನ್ನ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, 5 ನಿಮಿಷ ಮೌನವಾಗಿ ಕುಳಿತಿರಬೇಕು. ಇವು ಸುಲಭ. ಕಷ್ಟವಾದುದು ಸತ್ಯ. ಬಿಡಲಾಗದ ಹೊಗೆಸೊಪ್ಪು, ಅರ್ಧಕ್ಕೆ ನಿಲ್ಲಿಸಿದ ಮಾತ್ರೆ, ಯಾರೋ ಹೇಳಿದರೆಂದು ಕುಡಿಯುತ್ತಿರುವ ಕಷಾಯ, ತಂದೆಗೂ ಅಣ್ಣನಿಗೂ ಬಂದಿದ್ದ ರೋಗ, ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮುಚ್ಚುಮರೆಯಿಲ್ಲದೆ ವೈದ್ಯನಿಗೆ ಅರುಹುವವರೆಷ್ಟು ಮಂದಿ? ವರ್ಷವೆಲ್ಲ ಸಿಹಿ ತಿಂದು ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಹಿಡಿಯುವವರನ್ನು ಕಂಡಾಗ ನನಗೆ ಮರುಕವಾಗುತ್ತದೆ. ಕೆಂಪು ರಕ್ತಕಣವು ಸುಮಾರು 120 ದಿನ ಬಾಳುವುದು. ಅದರ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಬಾಳುವೆಯನ್ನೇ ಹೇಳಿಬಿಡುವುದರಿಂದ, ಆ ಎರಡು ದಿನದ ಪಥ್ಯದಿಂದ ಮೋಸಹೋಗುವವನು ಪಥ್ಯ ಹಿಡಿದವನೇ.

ಎಲ್ಲ ಪರೀಕ್ಷೆಯೂ ಎಲ್ಲರಿಗೂ ಬೇಕಿಲ್ಲ. ವಯಸ್ಸು ಮತ್ತು ವಂಶವನ್ನು ನೋಡಿ ವೈದ್ಯರು ನಿರ್ಣಯಿಸಲಿ. ಆದರೆ ಭೀಮನ ಅಮಾವಾಸ್ಯೆಯಂದು ಪತಿಯ ಆಯುಸ್ಸಿಗಾಗಿ ವ್ರತ ಹಿಡಿಯುವ ಗೃಹಿಣಿಯು ತನ್ನ ಸರದಿ ಬಂದಾಗ ‘ನನಗೇನು ಧಾಡಿ’ ಎಂದು ಮಾತು ತೇಲಿಸುವುದು ನನ್ನನ್ನು ಬಹಳ ಕಾಡಿದೆ. ಗರ್ಭಕಂಠದ ಕ್ಯಾನ್ಸರಿನ ಪೂರ್ವಚಿಹ್ನೆಗಳು ರೋಗವಾಗಿ ಬಲಿಯಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುವುದರಿಂದ, ಅವನ್ನು ಮೊದಲೇ ಕಂಡು ನಿವಾರಿಸಲು ಸಾಧ್ಯವಿದೆ. 30 ದಾಟಿದ ಹೆಂಗಸರಿಗೆ ಸರ್ಕಾರದ ವ್ಯವಸ್ಥೆಯಲ್ಲೇ ಈ ತಪಾಸಣೆಗೆ ಅವಕಾಶವಿದೆ. ಆಕೆಯನ್ನು ತಡೆಯುವುದು ದೈವವೂ ಅಲ್ಲ, ಅಶ್ರದ್ಧೆಯೂ ಅಲ್ಲ. ಬೆಳಗಿನ ಕಾಫಿ ತಿಂಡಿಗೆ ಯಾರು ಗತಿಯೆಂಬ ಚಿಂತೆ. ಒಂದು ದಿನದ ಮಟ್ಟಿಗೆ ಒಲೆಯನ್ನು ಗಂಡನೋ ಮಗನೋ ನೋಡಿಕೊಂಡರೆ ಆಕೆ ಹೊರಟಾಳು.