ಅನುಭವಸ್ಥರಿಗೆ ಪಾಠ

ತಿಳಿದವರಿಗೆ ಮತ್ತೆ ತಿಳಿಸಹೊರಡುವುದು ಅವರಿಗೆ ಮಾಡುವ ಅವಮಾನವೇ? ನಮ್ಮಲ್ಲಿ ಬಹಳ ಮಂದಿ ಹೌದೆಂದೇ ಭಾವಿಸುತ್ತಾರೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಹುಳಿಗೆ ಉಪ್ಪೆಷ್ಟು ಎಂದು ಹೇಳಹೋದರೆ ಆಕೆಯ ಮುಖ ಬಿಗಿದುಕೊಳ್ಳುತ್ತದೆ. ಉಪಾಧ್ಯಾಯರಾದ ನಮಗೆ ಪುನಶ್ಚೇತನ ತರಬೇತಿಯ ಆದೇಶ ಬಂದಾಗ ಸ್ಟಾಫ್ ರೂಮಿನಲ್ಲಿ ಏಳುವ ಗೊಣಗಾಟವನ್ನು ನೀವು ಕೇಳಬೇಕು. ಮೀನಿಗೆ ಈಜು ಕಲಿಸಲು ಬಂದರೆಂದು ನಗುವವರು, ಮಂಡಿನೋವಿನ ಚೀಟಿ ತರುವವರು, ಎಲ್ಲರೂ ಇದ್ದಾರೆ. ಆದರೂ ಹುಳಿಗೆ ಉಪ್ಪು ಹೆಚ್ಚಾದರೆ ಮನೆಯವರು ಒಂದು ಹೊತ್ತು ಮಜ್ಜಿಗೆ ಕುಡಿದು ಸುಧಾರಿಸಿಕೊಳ್ಳುತ್ತಾರೆ. ಇನ್ನೊಬ್ಬರ ಜೀವಮಾನದ ಉಳಿತಾಯವನ್ನು ಕೈಯಲ್ಲಿ ಹಿಡಿದವರ ವಿಷಯ ಹಾಗಲ್ಲ.

ನಾನು ಹೇಳಹೊರಟಿರುವುದು ಗೃಹನಿರ್ಮಾಣ ಸಹಕಾರ ಸಂಘಗಳ ನಿರ್ದೇಶಕರ ವಿಚಾರ. ಗಂಡಸರ ವ್ಯವಹಾರ ನಮಗೇಕೆಂದು ದಯವಿಟ್ಟು ಪುಟ ಮಗುಚಬೇಡಿ. ಬಡಾವಣೆ ಮಾಡುವುದು ಮೈಸೂರಿನ ಹಳೆಯ ಕಸುಬು. ಪ್ಲೇಗಿನ ಹಾವಳಿಯ ಬಳಿಕ 1903ರಲ್ಲಿ ಇಲ್ಲಿ ಟ್ರಸ್ಟ್ ಬೋರ್ಡು ಹುಟ್ಟಿತು. 1988ರಲ್ಲಿ ಮುಡಾ ಬಂತು. ಅವರು ಹಂಚಿದ ನಿವೇಶನ ಎಲ್ಲರಿಗೂ ಎಲ್ಲಿ ಸಾಕಾದೀತು? ನೌಕರರು, ಕಾರ್ಖಾನೆಯವರು, ಮೇಷ್ಟರುಗಳು ತಮ್ಮ ತಮ್ಮಲ್ಲೇ ಸಂಘ ಕಟ್ಟಿಕೊಂಡು ಊರ ಹೊರಗಿನ ಹೊಲಗದ್ದೆಗಳ ಕಡೆ ನಡೆದರು. ಷೇರು ಹಣದ ರಸೀದಿ ಯಜಮಾನರ ಹೆಸರಿನಲ್ಲಿರಬಹುದು. ಅದರ ಹಿಂದೆ ಅಡವಿಟ್ಟ ಬಳೆ, ಮಧ್ಯದಲ್ಲೇ ಕೂಗಿದ ಚೀಟಿ, ಮುಂದೂಡಿದ ಮಗಳ ಕಾಲೇಜು ಇರುತ್ತದೆ. ಇದೆಲ್ಲ ನಿಮಗೇ ಗೊತ್ತು.

ಮಹಿಳೆಯರಿಗೆ ಮೀಸಲಾದ ಸ್ಥಾನದಿಂದ ನಾನೂ ಅಂಥ ಒಂದು ಸಂಘದ ಆಡಳಿತ ಮಂಡಳಿಗೆ ಬಂದೆ. ಹೋದ ಮೇಲೆ ತಿಳಿಯಿತು, ಅಲ್ಲಿ ನಡೆಯುವುದು ಬರೀ ಸೈಟು ಹಂಚುವ ಕೆಲಸವಲ್ಲ. ರೈತರಿಂದ ಜಮೀನು ಕೊಳ್ಳಬೇಕು, ಅದರ ಮೂಲಪತ್ರ ನೋಡಬೇಕು, ಭೂಪರಿವರ್ತನೆ ಆಗಬೇಕು, ನಕ್ಷೆಗೆ ಮಂಜೂರಾತಿ ಬೇಕು. ರಸ್ತೆ, ಒಳಚರಂಡಿ, ದೀಪ, ಉದ್ಯಾನಕ್ಕೆ ಬಿಟ್ಟ ಜಾಗ, ಜ್ಯೇಷ್ಠತಾ ಪಟ್ಟಿ. ಕೋಟಿಗಟ್ಟಲೆ ರೂಪಾಯಿಯ ಈ ವ್ಯವಹಾರವನ್ನು ನೋಡಿಕೊಳ್ಳುವವರು ಹೆಚ್ಚಾಗಿ ನಿವೃತ್ತರು, ಸಂಜೆಯ ವಾಯುಸಂಚಾರ ಮುಗಿಸಿ ಬಂದು ಸಭೆಗೆ ಕೂರುವವರು. ಕಳ್ಳರೂ ಇರುತ್ತಾರೆ ಅನ್ನಿ. ಅವರ ವಿಚಾರವನ್ನು ಪೊಲೀಸರಿಗೆ ಬಿಡೋಣ. ನನ್ನನ್ನು ಕಾಡುವ ಪ್ರಶ್ನೆ ಸಜ್ಜನರದು. ಒಂದು ಕಾಸು ಮುಟ್ಟದ, ಇಪ್ಪತ್ತು ವರ್ಷ ದುಡಿದ ಹಿರಿಯರು ‘ನನಗಿನ್ನು ಕಲಿಯುವುದಿಲ್ಲ’ ಎಂದರೆ ಅದು ಅವರ ಸ್ವಂತ ವಿಷಯವೇ?

ಒಬ್ಬ ಹೆಣ್ಣುಮಗಳು ಸಂಘದ ಕಚೇರಿಗೆ ಬಂದಿದ್ದಳು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಮದುವೆಗೆ ಮುಂಚೆಯೇ ಸದಸ್ಯನಾಗಿದ್ದ ಆತ ನಾಮಿನಿ ಎಂದು ಅಣ್ಣನ ಹೆಸರು ಬರೆದಿದ್ದ; ಆಮೇಲೆ ಬದಲಿಸಲು ನೆನಪಾಗಿರಲಿಲ್ಲ. ನಮ್ಮ ಹಿರಿಯ ನಿರ್ದೇಶಕರು ಕಾಗದ ನೋಡಿ, ಬಹಳ ಮೃದುವಾಗಿಯೇ, “ನಾಮಿನಿ ಯಾರೋ ಸೈಟು ಅವರದಮ್ಮ. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದ್ದೀನಿ, ನಿನಗೆ ಏನೂ ಬರೋದಿಲ್ಲ. ಸುಮ್ಮನೆ ಓಡಾಡಬೇಡ” ಎಂದರು. ಆಕೆ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿಕೊಂಡು ಎದ್ದಳು.

ಅವರು ಹೇಳಿದ್ದರಲ್ಲಿ ಅರ್ಧ ಸರಿ. ಪಶ್ಚಿಮ ಬಂಗಾಳದ ಒಂದು ವಸತಿ ಸಹಕಾರ ಸಂಘದ ಮೊಕದ್ದಮೆಯಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಸಂಘವು ನಾಮಿನಿಯ ಹೆಸರಿಗೇ ವರ್ಗ ಮಾಡಬೇಕೆಂದಿತು. ಆದರೆ ವಾರಸುದಾರರು ತಮ್ಮ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗಲು ದಾರಿಯನ್ನು ತೆರೆದೇ ಇಟ್ಟಿತು. ನಾಮಿನಿಯಾದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಸಿಹೋಗುವುದಿಲ್ಲ. ಅದೇ ತಿಂಗಳು ಒಂದು ದಿನದ ತರಬೇತಿಯಲ್ಲಿ ವಕೀಲರೊಬ್ಬರು ಇದನ್ನು ಬಿಡಿಸಿ ಹೇಳಿದ್ದರಿಂದ ನನಗೆ ಗೊತ್ತಿತ್ತು. ಹಿರಿಯರು ಆ ದಿನ ಬಂದಿರಲಿಲ್ಲ. ನಾನು ಹೊರಗೆ ಹೋಗಿ ಆಕೆಯನ್ನು ಕೂಡಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಷಯ ಹೇಳಿದೆ. (ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಗೊತ್ತಿಲ್ಲದವರು ಗಮನಿಸಿ.) ಅವಳ ದಾವೆ ಇನ್ನೂ ನಡೆಯುತ್ತಿದೆ.

ಇಲ್ಲಿ ಹಿರಿಯರ ಮನಸ್ಸಿನಲ್ಲಿ ಕೇಡಿರಲಿಲ್ಲ. ಹೊಸಬರಾಗಿದ್ದರೆ ‘ತಡಿಯಮ್ಮ, ಕೇಳಿ ಹೇಳ್ತೀನಿ’ ಎನ್ನುತ್ತಿದ್ದರು. ಅನುಭವ ಆ ಒಂದು ಮಾತನ್ನು ಅವರ ಬಾಯಿಂದ ಕಿತ್ತುಕೊಂಡಿತು. ನಮ್ಮ ಸಮಾಜ ಹಿರಿಯರನ್ನು ಗೌರವಿಸುವ ರೀತಿಯೂ ಇದಕ್ಕೆ ಕಾರಣ ಎನ್ನಿಸುತ್ತದೆ. ಅವರ ಎದುರು ಪ್ರಶ್ನೆ ಎತ್ತುವುದೇ ಉದ್ಧಟತನ. ಹೀಗೆ ಯಾರೂ ಪ್ರಶ್ನಿಸದ ಮನುಷ್ಯನ ತಿಳಿವಳಿಕೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಮಡಿಕೆಯಲ್ಲೇ ಸೀಳುತ್ತದೆ. ಸೀಳಿದ್ದು ತಿಳಿಯುವುದು ಉಟ್ಟಾಗ ಮಾತ್ರ.

‘ಎಲ್ಲರೂ ಹೀಗೇ ಮಾಡ್ತಾರೆ’ ಎಂಬುದು ಅನುಭವದ ಇನ್ನೊಂದು ಮಾತು. ಬೆಂಗಳೂರಿನ ಎಚ್.ಎಂ.ಟಿ. ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆ ನೆನಪಿಸಿಕೊಳ್ಳಿ. ಮಧ್ಯವರ್ತಿಗೆ ಹಣ ಕೊಟ್ಟು ಸರ್ಕಾರದಿಂದ ಭೂಸ್ವಾಧೀನ ಮಾಡಿಸಿಕೊಂಡಿದ್ದು ಸಾರ್ವಜನಿಕ ಉದ್ದೇಶವಲ್ಲವೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಜಮೀನನ್ನು ಮಾಲೀಕರಿಗೆ ಹಿಂದಿರುಗಿಸಲು ಆಜ್ಞೆ ಮಾಡಿತು. ಹಣ ಕಟ್ಟಿ ಕಾದಿದ್ದವರ ಸ್ಥಿತಿಯನ್ನು ನೀವೇ ಊಹಿಸಿ. ಆ ಬಳಿಕ ಕಾನೂನು ಒಂದೇ ಕಡೆ ನಿಂತಿಲ್ಲ. 2011ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 97ನೇ ತಿದ್ದುಪಡಿ ಸಹಕಾರ ಸಂಘಗಳಿಗೆ ಹೊಸ ಅಧ್ಯಾಯವನ್ನೇ ಸೇರಿಸಿತು. ಅರ್ಧದಷ್ಟು ರಾಜ್ಯಗಳ ಅನುಮೋದನೆ ಪಡೆಯಲಿಲ್ಲವೆಂದು ರಾಜ್ಯಗಳೊಳಗಿನ ಸಂಘಗಳ ಮಟ್ಟಿಗೆ 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 2016ರ ರೇರಾ ಕಾನೂನು, ಸದಸ್ಯರಿಗಾಗಿ ಮನೆ ಕಟ್ಟುವ ಸಹಕಾರ ಸಂಘಗಳನ್ನೂ ಬಿಲ್ಡರುಗಳ ಸಾಲಿಗೇ ತಂದಿತು. 1998ರಲ್ಲಿ ನಿರ್ದೇಶಕರಾದವರು ಆಗಿನ ತಿಳಿವಳಿಕೆಯಲ್ಲೇ ಸಹಿ ಹಾಕುತ್ತ ಹೋದರೆ ಸಹಿ ಅವರದು, ದಂಡ ನಮ್ಮದು. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲೇ. ನನ್ನ ಅಜ್ಞಾನದ ಬೆಲೆಯನ್ನು ನಾನೇ ತೆರುವುದಾದರೆ ಕಲಿಯುವುದೂ ಬಿಡುವುದೂ ನನ್ನಿಷ್ಟ. ಬೆಲೆಯನ್ನು ಇನ್ನೊಬ್ಬರು ತೆರುವಾಗ ಆ ಸ್ವಾತಂತ್ರ್ಯ ನನಗೆ ಎಲ್ಲಿಂದ ಬಂತು?

ಸಹಕಾರವನ್ನು ಕಟ್ಟಿದವರಿಗೆ ಇದು ಮೊದಲೇ ಹೊಳೆದಿತ್ತು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅಂಗಡಿ ತೆರೆದ ನೇಕಾರರು ಮುಂತಾದ ಬಡವರು, ಮುಂದೆ ಲಾಭದಲ್ಲಿ ನೂರಕ್ಕೆ ಎರಡೂವರೆ ಭಾಗವನ್ನು ವಿದ್ಯೆಗೆಂದೇ ತೆಗೆದಿಟ್ಟರು. ನಮ್ಮ ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಹೆಸರನ್ನು ಪ್ರತಿ ಸಹಕಾರ ಸಪ್ತಾಹದ ಭಾಷಣದಲ್ಲೂ ಕೇಳುತ್ತೇವೆ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿ. ಸದಸ್ಯರ ಜೊತೆಗೆ ಚುನಾಯಿತರಿಗೂ ಅದು ಆಗಬೇಕೆಂದು ಅಲ್ಲಿ ಬಿಡಿಸಿ ಬರೆದಿದೆ. ಅನುಭವಸ್ಥರನ್ನು ಬಿಟ್ಟು ಎಂದು ಎಲ್ಲೂ ಬರೆದಿಲ್ಲ.

ಹಾಗೆಂದು ತರಬೇತಿ ಹೆಸರಿನಲ್ಲಿ ನಡೆಯುವುದನ್ನೆಲ್ಲ ನಾನು ಹೊಗಳಲಾರೆ. ಶಾಲು, ಹಾರ, ಎರಡು ಗಂಟೆಯ ಉದ್ಘಾಟನೆ, ಊಟಕ್ಕೆ ಮೊದಲು ಒಂದು ಭಾಷಣ, ಊಟದ ನಂತರ ಪ್ರಮಾಣಪತ್ರ: ಇಂಥದ್ದಕ್ಕೆ ಹಿರಿಯರು ಬರದಿದ್ದರೆ ನಷ್ಟವೇನೂ ಇಲ್ಲ. ಹೊಸಬರಿಗೆ ಹೇಳುವ ಅಆಇಈಯನ್ನು ಇಪ್ಪತ್ತು ವರ್ಷದವರ ಮುಂದೆ ಓದುವುದು ನಿಜಕ್ಕೂ ಅವಮಾನವೇ. ಅವರ ಮುಂದೆ ಇಡಬೇಕಾದದ್ದು ಅವರದೇ ನಡವಳಿ ಪುಸ್ತಕ, ಅವರದೇ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು. ಬೇರೆ ಸಂಘದ ನಾಲ್ಕು ಮಂದಿ ಎದುರು ಕೂತು, ಈ ಠರಾವನ್ನು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಬೇಕು. ನಾನು ಕಂಡ ಒಳ್ಳೆಯ ಶಿಕ್ಷಕರ ತರಬೇತಿಯೂ ಅದೇ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಮೇಷ್ಟರು ಕೂತು ಬರೆದುಕೊಂಡು, ಆಮೇಲೆ ಚಹಾ ಕುಡಿಯುತ್ತ ಮಾತಾಡಿದ್ದು.

ಕಲಿಯದವರನ್ನು ಚುನಾವಣೆಗೇ ನಿಲ್ಲಿಸಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಘದಲ್ಲಿ ಸದಸ್ಯನ ಮತವೇ ದೊಡ್ಡದು, ಪರೀಕ್ಷೆಯ ಅಂಕವಲ್ಲ. ಆದರೆ ಮತ ಹಾಕುವವರಿಗೆ ತಿಳಿದಿರಬೇಡವೇ? ಸೆಪ್ಟೆಂಬರಿನ ಮಹಾಸಭೆಗೆ ನಾವು ಹೆಂಗಸರು ಹೋಗುವುದೇ ಕಡಿಮೆ. ಹೋದರೂ ಉಪಾಹಾರದ ಪೊಟ್ಟಣ ಹಿಡಿದು ಹಿಂದಿನ ಸಾಲಿನಿಂದ ಎದ್ದು ಬರುತ್ತೇವೆ. ಯಾವ ನಿರ್ದೇಶಕರು ಈ ವರ್ಷ ಯಾವ ತರಬೇತಿಗೆ ಹೋಗಿದ್ದರು, ಬಂದು ಮಂಡಳಿಗೆ ಏನು ಹೇಳಿದರು ಎಂದು ವಾರ್ಷಿಕ ವರದಿಯಲ್ಲಿ ಒಂದು ಸಾಲು ಅಚ್ಚಾದರೆ ಕೇಳುವವರಿಗೆ ಕೇಳಲು ಸುಲಭ.

ಹಾಗೆ ಮಾಡಬೇಕೆಂದು ನಾನು ಕೊಟ್ಟ ಪತ್ರ ಈಗ ಮಂಡಳಿಯ ಮುಂದಿದೆ. ಹಿರಿಯರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

“ಏನ್ ಮೇಡಂ, ನಮ್ಮ ಹಾಜರಿ ತಗೊಳ್ತೀರಾ?”

“ಹೌದು ಸಾರ್. ಮೊದಲು ನನ್ನ ಹೆಸರನ್ನೇ ಕೂಗಿ” ಎಂದೆ.

ಅವರು ನಕ್ಕರು. ಪತ್ರವನ್ನು ಮುಂದಿನ ಸಭೆಯ ವಿಷಯಸೂಚಿಗೆ ಸೇರಿಸಲು ಕಾರ್ಯದರ್ಶಿಗೆ ಹೇಳಿದರು.